ಬೋಲ್ಟ್ ಯಾವ ಮಗ್ಗುಲಿಗೆ?

ಮುಂಡಗೋಡ ತಾಲೂಕಿನ ಇಂದೂರ ಕಡೆ ರಾತ್ರಿಯಾದರೆ 'ಬೋಲ್ಟ್ ಹಾಕ್ರಿ' ಅಂತೀವಿ. ಚಿಲಕ, ಅಗಳಿ ಹಿರಿಯರ ಮಾತು. ಅಗಳಿಯೂ ಸಂಸ್ಕೃತದ ಅರ್ಗಲದಿಂದ ಬಂದದ್ದೇ.

ಹಳೆಯ ಇಂಗ್ಲಿಷಿನಲ್ಲಿ ಬೋಲ್ಟ್ ಅಂದರೆ ಬಾಣ. ಗಿಡ್ಡನೆಯ, ದಪ್ಪನೆಯ ಬಾಣ. ಬಾಗಿಲ ಸರಳಿಗೆ ಆ ಹೆಸರು ಬಿದ್ದದ್ದು ಆಮೇಲೆ. ಸಿಡಿಲಿಗೂ ಬಂತು, ನಟ್ಟಿನ ಜೋಡಿಗೂ ಬಂತು. ಒಂದು ಕಾಲಕ್ಕೆ ಕೈದಿಯ ಕಾಲಿನ ಬೇಡಿಯೂ ಬೋಲ್ಟೇ. ಬಾಣದ ಹಾಗೆ ಕಿತ್ತು ಓಡುವುದಕ್ಕೂ ಇದೇ ಪದ, ನೋಡಿ!

ಆದರೆ ಬೋಲ್ಟ್ ಬಾಗಿಲಿನ ಯಾವ ಮಗ್ಗುಲಿಗಿದೆ, ಅದು ಯಾರ ಕೈಯಲ್ಲಿದೆ ಅಂತ ನಿಘಂಟು ಬರೆಯುವುದಿಲ್ಲ. 1930ರ ಮಾರ್ಚಿನಲ್ಲಿ ಅಂಬೇಡ್ಕರರ ಮುಂದಾಳ್ತನದಲ್ಲಿ ನಮ್ಮ ಜನ ಸಾವಿರಾರು ಸಂಖ್ಯೆಯಲ್ಲಿ ನಾಸಿಕದ ಕಾಳಾರಾಮ ಗುಡಿಗೆ ನಡೆದರು. ಬಾಗಿಲು ಮುಚ್ಚಿದ್ದವು. ಒಳಗಿದ್ದವರಿಗೆ ಅದು ಬರೀ ಅಗಳಿ. ಹೊರಗೆ ನಿಂತವರ ಎದೆಗೆ ನಾಟಿದ್ದು ಹಳೆಯ ಅರ್ಥದ ಬೋಲ್ಟು. ಹೋರಾಟ ವರ್ಷಗಟ್ಟಲೆ ನಡೆಯಿತು.