ಅಣಬೆ ಮೇಲಿನ ಕಂದು ಕಲೆ ಮತ್ತು ಕಾವಲಿಗೆ ಬಂದ ಬ್ಯಾಕ್ಟೀರಿಯಾ

ಬಟನ್ ಅಣಬೆ ಪ್ಯಾಕೆಟ್ ತಗೊಳ್ಳುವಾಗ ನಾವು ಮೊದಲು ನೋಡೋದೇ ಬಿಳುಪು. ಟೋಪಿ ಮೇಲೆ ಕಂದು ಕಲೆ ಕಂಡ್ರೆ ಅದನ್ನ ಅಲ್ಲೇ ಇಟ್ಟು ಪಕ್ಕದ್ದು ತಗೋತೀವಿ. ಬೆಳೆದವರ ದುಡ್ಡು ಅಲ್ಲಿಗೆ ಹೋಯ್ತು. ಇವತ್ತು ಆ ಕಲೆಯ ಇತಿಹಾಸ ಹೇಳ್ತೀನಿ.

1915ರಲ್ಲಿ ಅಮೆರಿಕದ ಟೋಲಾಸ್ ಎಂಬ ವಿಜ್ಞಾನಿ, ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ ಅಂತ ವರದಿ ಮಾಡಿದರು. 1919ರಲ್ಲಿ ಇಂಗ್ಲೆಂಡಿನ ಪೇಯ್ನ್ ಆ ಬ್ಯಾಕ್ಟೀರಿಯಾಕ್ಕೆ ಟೋಲಾಸ್ ಹೆಸರನ್ನೇ ಇಟ್ಟರು: ಸ್ಯೂಡೋಮೊನಾಸ್ ಟೋಲಾಸಿ. ರೋಗ ಕಂಡುಹಿಡಿದಿದ್ದಕ್ಕೆ ಸಿಕ್ಕ ಬಹುಮಾನ ನೋಡಿ, ರೋಗಾಣುವಿಗೇ ನಿಮ್ಮ ಹೆಸರು!

ನೀರು ಹಾಕಿದ ಮೇಲೆ ಟೋಪಿ ಬೇಗ ಒಣಗದಿದ್ರೆ ಇದಕ್ಕೆ ಹಬ್ಬ. ಟೋಲಾಸಿನ್ ಅನ್ನೋ ವಿಷ ಬಿಟ್ಟು ಅಣಬೆಯ ಜೀವಕೋಶಗಳ ಪೊರೆಗೆ ತೂತು ಕೊರೆಯುತ್ತೆ. ಬೆಳೆಗಾರರು ಏನು ಮಾಡ್ತಿದ್ರು? ಗಾಳಿ ಚೆನ್ನಾಗಿ ಆಡಿಸೋದು, ನೀರಿಗೆ ಕ್ಲೋರಿನ್ ಬೆರೆಸೋದು. ಬ್ಯಾಕ್ಟೀರಿಯಾ ಅಂದ್ರೆ ಶತ್ರು, ಕೊಲ್ಲಬೇಕು. ಅಷ್ಟೇ ಲೆಕ್ಕ.

ಆದ್ರೆ ಆ ಲೆಕ್ಕದಲ್ಲಿ ಒಂದು ತೊಡಕಿತ್ತು. ಬಟನ್ ಅಣಬೆ ಬರೀ ಕಾಂಪೋಸ್ಟ್ ಮೇಲೆ ಸರಿಯಾಗಿ ಮೊಳೆಯಲ್ಲ. ಅದರ ಮೇಲೆ ಒಂದು ಪದರ ಮಣ್ಣೋ ಪೀಟೋ ಹೊದಿಸಬೇಕು. ಇದಕ್ಕೆ ಕೇಸಿಂಗ್ ಅಂತಾರೆ. ಹೇಯ್ಸ್, ರ್‍ಯಾಂಡಲ್, ಲಾಸ್ಟ್ ಎಂಬ ವಿಜ್ಞಾನಿಗಳು 1969ರಲ್ಲಿ ಪ್ರಕಟಿಸಿದ ಕೆಲಸ ಇದರ ಗುಟ್ಟಿನ ಒಂದು ತುದಿ ಹಿಡಿಯಿತು: ಅಣಬೆ ಮೊಳೆಯೋಕೆ ಆ ಪದರದಲ್ಲಿರುವ ಬ್ಯಾಕ್ಟೀರಿಯಾಗಳೇ ನೆರವಾಗ್ತವೆ. ಅದರಲ್ಲಿ ಮುಖ್ಯವಾದದ್ದು ಸ್ಯೂಡೋಮೊನಾಸ್ ಪುಟಿಡಾ. ಅಂದ್ರೆ ಕಲೆ ಹಾಕುವ ಟೋಲಾಸಿಯ ದಾಯಾದಿ! ಅಣಬೆಯ ಬಿಳಿ ಎಳೆಗಳು ಬಿಡುವ ಕೆಲವು ಆವಿಗಳು ಮೊಳಕೆಯನ್ನೇ ತಡೀತವೆ, ಬ್ಯಾಕ್ಟೀರಿಯಾ ಅವನ್ನು ತಿಂದು ಮುಗಿಸುತ್ತೆ ಅನ್ನೋ ವಿವರಣೆ ಆಮೇಲೆ ಬಂತು.

ಹಾಗಿದ್ರೆ ಎಲ್ಲವನ್ನೂ ಕೊಂದ್ರೆ ಬೆಳೆಯೂ ಇಲ್ಲ. ಕೊಲ್ಲೋ ಬದಲು ಒಳ್ಳೆಯವನ್ನ ಹೆಚ್ಚಿಸಿದ್ರೆ? 1972ರಲ್ಲಿ ಆಸ್ಟ್ರೇಲಿಯಾದ ನಾಯರ್ ಮತ್ತು ಫಾಹಿ ಇದನ್ನೇ ಪ್ರಕಟಿಸಿದರು. ಟೋಲಾಸಿಯನ್ನು ಎದುರಿಸುವ ಬ್ಯಾಕ್ಟೀರಿಯಾಗಳನ್ನು ಹುಡುಕಿ ಅಣಬೆ ಬೆಳೆಯಲ್ಲಿ ಬಿಟ್ಟಾಗ ಕಲೆ ಹತೋಟಿಗೆ ಬಂತು. ಅವುಗಳಲ್ಲಿ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಕೂಡ ಇತ್ತು. ನಮ್ಮಲ್ಲಿ ಶುಂಠಿ, ಕಾಳುಮೆಣಸು ಬೆಳೆಯೋರು ಗೊಬ್ಬರಕ್ಕೆ ಬೆರೆಸ್ತಾರಲ್ಲ, ಅದೇ ಜಾತಿ. ಮುಂದೆ ಆಸ್ಟ್ರೇಲಿಯಾದಲ್ಲಿ 'ಕಾಂಕರ್' ಅನ್ನೋ ಹೆಸರಲ್ಲಿ ಇಂಥದೊಂದು ಬ್ಯಾಕ್ಟೀರಿಯಾ ಮಾರುಕಟ್ಟೆಗೂ ಬಂತು.

ಆದ್ರೂ ಕ್ಲೋರಿನ್ ಡಬ್ಬ ಮೂಲೆ ಸೇರಲಿಲ್ಲ. ಯಾಕೆ ಗೊತ್ತಾ? ಪುಡಿ ಅಂದ್ರೆ ಬರೀ ಪುಡಿ. ಬ್ಯಾಕ್ಟೀರಿಯಾ ಜೀವ. ಅದಕ್ಕೆ ಊಟ, ಗಾಳಿ, ಹದವಾದ ಬಿಸಿ ಕೊಟ್ಟು ಬೆಳೆಸಬೇಕು, ಸಾಯದ ಹಾಗೆ ಸಾಗಿಸಬೇಕು. ಕಲೆ ಕಂಡ ಮೇಲೆ ಸುರಿದ್ರೆ ಉಪಯೋಗ ಕಮ್ಮಿ. ಶತ್ರು ಬರೋ ಮುಂಚೆ, ಶತ್ರುವಿಗಿಂತ ಹೆಚ್ಚು ಸಂಖ್ಯೆಯಲ್ಲಿ ಜಾಗ ಹಿಡಿದಿರಬೇಕು. ಯೂಟ್ಯೂಬ್ ನೋಡಿ ಡ್ರಮ್ಮಲ್ಲಿ ಬೆಲ್ಲದ ನೀರಿಗೆ ಹಾಕಿ ಬೆಳೆಸ್ತೀನಿ ಅನ್ನೋರಿಗೆ ನನ್ನದೊಂದು ಮಾತು: ಡ್ರಮ್ಮಲ್ಲಿ ಬೆಳೆದಿದ್ದು ಕಾವಲುಗಾರನೋ ಕಳ್ಳನೋ ಬರಿಗಣ್ಣಿಗೆ ಕಾಣಲ್ಲ. ಇಬ್ಬರೂ ಒಂದೇ ಮನೆತನ, ಒಂದೇ ಊಟ.

ಹುಡುಕಾಟವೇನೂ ನಿಂತಿಲ್ಲ. 2014ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಬ್ಡೆಲೊವಿಬ್ರಿಯೊ ಅನ್ನೋ ಬೇಟೆಗಾರ ಬ್ಯಾಕ್ಟೀರಿಯಾವನ್ನು ಕಿತ್ತ ಅಣಬೆಗಳ ಮೇಲೆ ಬಿಟ್ಟು ನೋಡಿದರು. ಇದು ಟೋಲಾಸಿಯ ಒಳಗೇ ನುಗ್ಗಿ, ಅದನ್ನೇ ತಿಂದು, ಅಲ್ಲೇ ಮರಿ ಮಾಡುತ್ತೆ. ಕಲೆಯ ಕಡುಬಣ್ಣವೂ ಕಮ್ಮಿಯಾಯ್ತು. ಕಿತ್ತ ಅಣಬೆಯಲ್ಲಿ ಗೆದ್ದಿದ್ದು ನೀರು, ಮಣ್ಣು, ನೂರೆಂಟು ಬೇರೆ ಬ್ಯಾಕ್ಟೀರಿಯಾಗಳಿರುವ ಅಣಬೆ ಮನೆಯಲ್ಲೂ ಗೆಲ್ಲುತ್ತಾ ಅನ್ನೋದು ಬೇರೆಯೇ ಪರೀಕ್ಷೆ.