ಚೋಮನ ಕಥೆಯನ್ನು ಬೆಳ್ಳಿ ಬರೆದಿದ್ದರೆ?

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಎರಡು ವರ್ಷದಿಂದ ಚಿತ್ತವಾಡ್ಗಿಯ ಮನೇಲಿ ಕುಂತು ಒಂದು ಪೂರ್ತಿ ಸಿನಿಮಾಕ್ಕೆ ಚಿತ್ರಕಥೆ ಬರೆಯೋದು ಕಲೀತಿದ್ದೀನಿ. ಒಂದು ಪುಟ ಅಂದ್ರೆ ಪರದೆ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. ಎರಡು ಗಂಟೆಗೆ 120 ಪುಟ. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಬಿಟ್ಟು ಬೇರೇನೂ ಬರೆಯಂಗಿಲ್ಲ. ನನ್ನ ಮೊದಲ ಪ್ರತಿ 45ನೇ ಪುಟಕ್ಕೇ ಸತ್ತುಹೋಯ್ತು. ಯಾಕಂದ್ರೆ ನಾನು ಬರೆದದ್ದು ಚಿತ್ರಕಥೆ ಅಲ್ಲ, ಭಾಷಣ.

ಆಮೇಲೆ 'ಚೋಮನ ದುಡಿ'ಯನ್ನ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಶಿವರಾಮ ಕಾರಂತರ ಕಾದಂಬರಿ 1933ರದ್ದು. ಬಿ.ವಿ. ಕಾರಂತರು ಅದನ್ನ ಸಿನಿಮಾ ಮಾಡಿದ್ದು 1975ರಲ್ಲಿ. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಚೋಮನ ಮಗ ನೀಲ ನೀರಲ್ಲಿ ಮುಳುಗ್ತಾನೆ. ಮುಟ್ಟಿದ್ರೆ ಮೈಲಿಗೆ ಅಂತ ದಡದಲ್ಲಿದ್ದವರು ಎತ್ತಲ್ಲ. ಯಾರ ಭಾಷಣವೂ ಬೇಕಿಲ್ಲ. ಜಾತಿ ಅಂದ್ರೇನು ಅನ್ನೋದು ನೋಡಿದವರಿಗೆ ಗೊತ್ತಾಗುತ್ತೆ. ಇದನ್ನ ನಾನು ಕಲಿತದ್ದು ಆ ಸಿನಿಮಾದಿಂದಲೇ, ಆ ಋಣ ಒಪ್ಪಿಕೊಳ್ತೀನಿ.

ಆದ್ರೆ ಇತಿಹಾಸವನ್ನೂ ಪಕ್ಕಕ್ಕಿಟ್ಟು ನೋಡಿ. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಕಾದಂಬರಿಗಿಂತ ಆರು ವರ್ಷ ಮೊದಲೇ! ಬೂಸಾ ಚಳವಳಿ 1973ರದ್ದು, ಸಿನಿಮಾಕ್ಕಿಂತ ಎರಡು ವರ್ಷ ಮೊದಲು. ನಮ್ಮ ಹುಡುಗರು ಬೀದಿಗಿಳಿದಿದ್ದ ಕಾಲದಲ್ಲಿ ಪರದೆ ಮೇಲಿನ ಚೋಮ ಒಬ್ಬನೇ ದುಡಿ ಬಡೀತಾ ಸಾಯ್ತಾನೆ. ಬರೆದವರ ಕರುಣೆ ಸುಳ್ಳಲ್ಲ. ಆದ್ರೆ ಅವರು ನಿಂತಿದ್ದು ದಡದಲ್ಲಿ. ಚೋಮನ ಮಗಳು ಬೆಳ್ಳಿ ಬರೆದಿದ್ರೆ? ನಾಗರಾಜ ಮಂಜುಳೆ ತಾನೇ ಬರೆದು ನಿರ್ದೇಶಿಸಿದ 'ಫಂಡ್ರಿ'ಯಲ್ಲಿ (2013) ಹುಡುಗ ಕಡೆಗೆ ಕಲ್ಲು ಬೀಸೋದು ನಮ್ಮ ಕಡೆಗೆ, ನೋಡೋರ ಕಡೆಗೆ. ಪೆನ್ನು ಯಾರ ಕೈಲಿದೆ ಅನ್ನೋದು ಕಥೆಯ ಕೊನೆಯನ್ನೇ ಬದಲಾಯಿಸುತ್ತೆ.

ನಡುವೆ ಕಥೆ ಕುಸಿಯದಂಗೆ ಹಿಡಿದಿಡೋದು ಹೆಂಗೆ? ಅದಕ್ಕೆ ಗುರು ನಮ್ಮ ಸೀಮೆಯಲ್ಲೇ ಇದ್ರು: ದರೋಜಿ ಈರಮ್ಮ. ಬುಡ್ಗ ಜಂಗಮ ಅಲೆಮಾರಿ ಸಮುದಾಯದ, ಅಕ್ಷರ ಕಲಿಯದ ಈ ತಾಯಿ 12 ಜನಪದ ಮಹಾಕಾವ್ಯಗಳನ್ನ ನೆನಪಲ್ಲೇ ಇಟ್ಕೊಂಡಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. 2014ರಲ್ಲಿ ತೀರಿಕೊಂಡ್ರು. ಬುರ್ರಕಥೆಯಲ್ಲಿ ಒಬ್ಬರು ಕಥೆ ನಡೆಸ್ತಾರೆ, ಜೊತೆಯವರು ದನಿಗೂಡಿಸ್ತಾರೆ. 'ಮುಂದೇನು?' ಅನ್ನೋ ಹಸಿವೇ ಜನರನ್ನ ಕೂರಿಸುತ್ತೆ. ಚಿತ್ರಕಥೆಗೂ ಅದೇ ಬೇಕು. ನಮ್ಮೋರಿಗೆ ಕಥೆ ಕಟ್ಟೋಕೆ ಬರಲ್ಲ ಅಂದೋರು ಯಾರು?

ಈಗ ಮತ್ತೆ ಬರೀತಿದ್ದೀನಿ. ಮೊದಲ ಪ್ರತೀಲಿ ಬಾವಿಕಟ್ಟೆ ಹತ್ರ ನಮ್ಮಜ್ಜಿ ಬಾಯಿಗೆ ಎರಡು ಪುಟ ಮಾತು ತುರುಕಿದ್ದೆ. ಈಗ ಅದು ಹಿಂಗಿದೆ: ಖಾಲಿ ಕೊಡ. ದೂರದಲ್ಲಿ ನಿಂತ ಅಜ್ಜಿ. ಬೇರೆ ಹೆಂಗಸರು ಸೇದ್ತಾರೆ, ಹೋಗ್ತಾರೆ. ಕೊಡದ ನೆರಳು ಉದ್ದ ಆಗುತ್ತೆ. ಅಜ್ಜಿ ಒಂದು ಹೆಜ್ಜೆ ಮುಂದಿಡ್ತಾಳೆ, ಹಗ್ಗಕ್ಕೆ ಕೈ ಹಾಕ್ತಾಳೆ. ಮಾತಿಲ್ಲ.

71ನೇ ಪುಟದಲ್ಲಿದ್ದೀನಿ. ನೀವೂ ನಿಮ್ಮಜ್ಜಿಯ ಒಂದು ದೃಶ್ಯ ಬರೀರಿ. ಒಂದೇ ಪುಟ ಸಾಕು.

ಜೈಭೀಮ್.