ಕಂದಕಕ್ಕೆ ಇಳಿದ ವಿಷಗಾಳಿ

ನೆಲವನ್ನು ಅಗೆದು ಅದರೊಳಗೆ ಅಡಗಿ ಕಾದಾಡುವುದು ಮೊದಲನೆಯ ಮಹಾಯುದ್ಧದ ಪಶ್ಚಿಮ ರಣರಂಗದ ಮುಖ್ಯ ಲಕ್ಷಣ. 1914ರ ಕೊನೆಯ ವೇಳೆಗೆ ಉತ್ತರ ಸಮುದ್ರದ ದಂಡೆಯಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಕಂದಕಗಳ ಸಾಲು ಎದುರುಬದುರಾಗಿ ಹಬ್ಬಿತ್ತು. ಮಷಿನ್‌ಗನ್ನಿನ ಗುಂಡಿನಿಂದ ತಲೆಯುಳಿಸಿಕೊಳ್ಳಲು ಸೈನಿಕನಿಗಿದ್ದ ಆಸರೆ ಆ ಆಳುದ್ದದ ತಗ್ಗು. ಆ ಆಸರೆಯನ್ನೇ ಉರುಳಾಗಿಸಿದ ಆಯುಧ ವಿಷಾನಿಲ.

1915ರ ಏಪ್ರಿಲ್ 22ರ ಸಂಜೆ ಐದು ಗಂಟೆಯ ಸುಮಾರಿಗೆ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ 5,000ಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆಯಿತು. 150 ಟನ್ನಿನಷ್ಟು ಕ್ಲೋರಿನ್ ಹಸಿರುಹಳದಿ ಮೋಡವಾಗಿ ಫ್ರೆಂಚ್ ಪಡೆಗಳತ್ತ ಸಾಗಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೀರು ಹಳ್ಳಕ್ಕೆ ಹರಿಯುವಂತೆ ಅದು ಕಂದಕಕ್ಕೆ ಇಳಿಯುತ್ತದೆ. ಉಸಿರಿನ ನಾಳದ ತೇವದೊಡನೆ ಬೆರೆತು ಆಮ್ಲವಾಗುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬಿ, ಮನುಷ್ಯ ಒಣನೆಲದ ಮೇಲೆಯೇ ಮುಳುಗಿದವನಂತೆ ಸಾಯುತ್ತಾನೆ. ಎತ್ತರದಲ್ಲಿ ನಿಂತವರಿಗಿಂತ ಕಂದಕದ ತಳದಲ್ಲಿ ಮಲಗಿದ್ದ ಗಾಯಾಳುಗಳೇ ಹೆಚ್ಚು ನೊಂದರು.

ನಾಲ್ಕು ದಿನಗಳ ತರುವಾಯ, ಏಪ್ರಿಲ್ 26ರಂದು, ಇದೇ ರಂಗದಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಜನ್ ದಾಳಿಗೆ ಮುನ್ನುಗ್ಗಿ ವಿಷಾನಿಲಕ್ಕೆ ಎದುರಾಯಿತು. ಸರಿಯಾದ ಮುಖವಾಡಗಳು ಇನ್ನೂ ಬಂದಿರಲಿಲ್ಲ. ಒದ್ದೆ ಬಟ್ಟೆಯಿಂದ ಮೂಗುಬಾಯಿ ಮುಚ್ಚಿಕೊಳ್ಳುವುದೇ ರಕ್ಷಣೆ. ಅಧಿಕಾರಿಗಳು ಉರುಳಿದಾಗ ಜಮಾದಾರ್ ಮೀರ್ ದಸ್ತ್ ಉಳಿದವರನ್ನು ಒಗ್ಗೂಡಿಸಿದನು. ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಗುಂಡಿನ ಮಳೆಯಲ್ಲಿ ಸುರಕ್ಷಿತ ಸ್ಥಳಕ್ಕೆ ಸಾಗಿಸಲು ನೆರವಾದನು. ಅವನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆದರೆ ಅನಿಲದ ಬಾಧೆ ಪದಕದೊಡನೆಯೇ ಅವನ ಪಾಲಿಗೆ ಉಳಿಯಿತು.

1899ರ ಹೇಗ್ ಘೋಷಣೆ ಉಸಿರುಕಟ್ಟಿಸುವ ಅನಿಲವನ್ನು ಹರಡುವುದೇ ಉದ್ದೇಶವಾದ ಶೆಲ್ಲುಗಳನ್ನು ನಿಷೇಧಿಸಿತ್ತು. ಸಿಲಿಂಡರು ಶೆಲ್ಲಲ್ಲವಲ್ಲ ಎಂಬುದು ಜರ್ಮನ್ ಪಕ್ಷದ ವಾದ. ಈ ದಾಳಿಯನ್ನು ರೂಪಿಸಿದ ಫ್ರಿಟ್ಜ್ ಹೇಬರ್, ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ವಿಧಾನವನ್ನು ಕಂಡುಹಿಡಿದು ಹೊಲಗಳಿಗೆ ಗೊಬ್ಬರದ ದಾರಿ ತೆರೆದ ವಿಜ್ಞಾನಿ; ಅದಕ್ಕಾಗಿ 1918ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು. ದಾಳಿಯನ್ನು ಖಂಡಿಸಿದ ಬ್ರಿಟನ್ನೂ ಸುಮ್ಮನಿರಲಿಲ್ಲ. ಅದೇ ಸೆಪ್ಟೆಂಬರ್ 25ರಂದು ಲೂಸ್ ಎಂಬಲ್ಲಿ ಕ್ಲೋರಿನ್ ಬಿಟ್ಟಿತು. ಗಾಳಿ ಕೈಕೊಟ್ಟ ಕಡೆಗಳಲ್ಲಿ ವಿಷ ಬಿಟ್ಟವರ ಕಂದಕಕ್ಕೇ ಮರಳಿತು.

ಮುಂದೆ ಬಂದದ್ದು ಬಣ್ಣವಿಲ್ಲದ ಫಾಸ್ಜೀನ್. ಅದನ್ನು ಉಸಿರಾಡಿದವನು ಒಂದು ದಿನ ಆರೋಗ್ಯವಂತನಂತೆ ಓಡಾಡಿ ಮರುದಿನ ಕುಸಿಯಬಹುದಿತ್ತು. 1917ರ ಜುಲೈಯಲ್ಲಿ ಬಂದ ಸಾಸಿವೆ ಅನಿಲ ಎಣ್ಣೆಯಂತಹ ದ್ರವವಾಗಿ ಮಣ್ಣಿನಲ್ಲಿ ದಿನಗಟ್ಟಲೆ ನಿಂತು, ಚರ್ಮವನ್ನು ಬೊಬ್ಬೆಯೆಬ್ಬಿಸಿ ಕಣ್ಣು ಕಾಣದಂತೆ ಮಾಡಿತು. ಇದ್ದಿಲಿನ ಸೋಸುಗವಿದ್ದ ಮುಖವಾಡ ಉಸಿರನ್ನು ಕಾಯಬಲ್ಲದಾಗಿತ್ತು, ಮೈಯನ್ನು ಕಾಯಲಾರದಾಯಿತು.

ಈ ಅನಿಲಗಳಿಂದ ಸತ್ತವರು ಸುಮಾರು 90,000 ಎಂಬುದು ರೂಢಿಯ ಅಂದಾಜು. ಬಾಧಿತರು ಹತ್ತು ಲಕ್ಷಕ್ಕೂ ಹೆಚ್ಚು. ಮಹಾಯುದ್ಧದ ಒಟ್ಟು ಸೈನಿಕ ಸಾವುಗಳಲ್ಲಿ ಇದು ನೂರಕ್ಕೆ ಒಂದರಷ್ಟು ಮಾತ್ರ. ಯುದ್ಧದ ಗತಿಯನ್ನೂ ಅದು ಬದಲಿಸಲಿಲ್ಲ: ಈಪ್ರ್‌ನಲ್ಲಿ ಬಿದ್ದ ಬಿರುಕನ್ನು ಬಳಸಿಕೊಳ್ಳಲು ಜರ್ಮನ್ನರ ಬಳಿ ಸಾಕಷ್ಟು ಮೀಸಲು ಪಡೆಯಿರಲಿಲ್ಲ. ಗೆಲುವು ತಾರದ ಈ ಆಯುಧವನ್ನು ಎರಡೂ ಪಕ್ಷಗಳು ಕೊನೆಯವರೆಗೂ ಬಿಡಲಿಲ್ಲ. ಎದುರಾಳಿ ಬಳಸುತ್ತಾನೆಂಬುದೇ ಸಾಕಷ್ಟು ಸಮರ್ಥನೆಯಾಯಿತು.

1925ರ ಜಿನೀವಾ ಒಪ್ಪಂದ ಬಳಕೆಯನ್ನು ನಿಷೇಧಿಸಿತು, ತಯಾರಿಕೆಯನ್ನು ಬಿಟ್ಟಿತು. ತಯಾರಿಕೆಗೂ ಸಂಗ್ರಹಕ್ಕೂ ತಡೆಹಾಕುವ ಒಪ್ಪಂದ ಸಿದ್ಧವಾದುದು 1993ರಲ್ಲಿ. ಅದಕ್ಕೆ ಮೊದಲೇ 1988ರಲ್ಲಿ ಇರಾಕಿನ ಹಲಬ್ಜ ಪಟ್ಟಣದ ಜನ ಇದೇ ಬಗೆಯ ವಿಷಕ್ಕೆ ಬಲಿಯಾಗಿದ್ದರು. ಕಂದಕದಲ್ಲಿ ಸತ್ತವನಿಗೆ ವಿಷ ಬಂದದ್ದು ಶೆಲ್ಲಿನಿಂದಲೋ ಸಿಲಿಂಡರಿನಿಂದಲೋ ಎಂಬ ಭೇದವಿರಲಿಲ್ಲ. ತಯಾರಿಕೆಯನ್ನೂ ಸಂಗ್ರಹವನ್ನೂ ತಡೆಯುವ ನಿಯಮ ಬರೆಯುವುದನ್ನು ಕಲಿಯಲು ಲೋಕಕ್ಕೆ ಹೇಗ್‌ನಿಂದ ತೊಂಬತ್ತನಾಲ್ಕು ವರ್ಷ ಬೇಕಾಯಿತು.